ಕಹಿ ನಿಂಬೆಯ ದ್ವೀಪದಲ್ಲಿ

ಮೆಡಿಟರೇನಿಯನ್ ಸಮುದ್ರದ ಪೂರ್ವದ ಮೂಲೆಯಲ್ಲಿರುವ ಸೈಪ್ರಸ್ ದ್ವೀಪದ ಉತ್ತರ ತೀರದುದ್ದಕ್ಕೂ ಒಂದು ಬೆಟ್ಟದ ಸಾಲು ಹಬ್ಬಿದೆ. ಆ ಬೆಟ್ಟದ ಇಳಿಜಾರಿನಲ್ಲಿ, ಕಿರೇನಿಯಾ ಎಂಬ ಪುಟ್ಟ ಬಂದರಿಗೆ ಮೇಲ್ಗಡೆಯಾಗಿ, ಬೆಲ್ಲಪಾಯಿಸ್ ಎಂಬ ಹಳ್ಳಿಯಿದೆ. ಕನ್ನಡದ ಕಿವಿಗೆ ಬೆಲ್ಲವೂ ಪಾಯಸವೂ ಒಟ್ಟಿಗೆ ಕೇಳಿಸುವ ಈ ಹೆಸರಿಗೆ ಮೂಲ ಫ್ರೆಂಚ್ ಭಾಷೆಯಲ್ಲಿದೆಯೆಂದೂ, ಶಾಂತಿಯ ಮಠವೆಂಬುದೇ ಅದರ ಅರ್ಥವೆಂದೂ ಹೇಳುತ್ತಾರೆ. ಹದಿಮೂರನೆಯ ಶತಮಾನದಲ್ಲಿ ಕ್ರೈಸ್ತ ಸಂನ್ಯಾಸಿಗಳು ಕಟ್ಟಿದ ಮಠದ ಕಮಾನುಗಳು ಇಂದಿಗೂ ಅಲ್ಲಿ ಸಮುದ್ರದ ನೀಲಿಗೆ ಚೌಕಟ್ಟು ಹಾಕಿದಂತೆ ನಿಂತಿವೆ. ಮಠದ ಮುಂದೆ ಒಂದು ಕಾಫಿ ಅಂಗಡಿ. ಅಂಗಡಿಯ ಮುಂದೆ ಒಂದು ಮರ. ಅದರ ಹೆಸರು ‘ಆಲಸ್ಯದ ಮರ’. ಅದರ ನೆರಳಿನಲ್ಲಿ ಒಮ್ಮೆ ಕುಳಿತವನು ಮತ್ತೆ ಕೆಲಸಕ್ಕೆ ಏಳಲಾರನೆಂದು ಊರವರ ನಂಬಿಕೆ. ನಮ್ಮ ಹಳ್ಳಿಗಳ ಅರಳಿಕಟ್ಟೆಯನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

1953ರಲ್ಲಿ ಈ ಊರಿಗೆ ಒಬ್ಬ ಇಂಗ್ಲಿಷಿನವನು ಬಂದು ಮನೆ ಕೊಂಡನು. ಕುಳ್ಳ ದೇಹ, ಮಾತಿನಲ್ಲಿ ಚುರುಕು, ಗ್ರೀಕ್ ಭಾಷೆಯಲ್ಲಿ ನಿರರ್ಗಳತೆ. ಕೈಯಲ್ಲಿ ಹಣ ಮಾತ್ರ ಅಷ್ಟಕ್ಕಷ್ಟೆ. ಆತನೇ ಲಾರೆನ್ಸ್ ಡರೆಲ್. ಮೂರು ವರ್ಷಗಳ ತರುವಾಯ ಆತನು ಆ ದ್ವೀಪವನ್ನು ಬಿಟ್ಟು ಹೊರಟಾಗ ಆಲಸ್ಯದ ಮರದ ಕೆಳಗೆ ಕುಳಿತಿದ್ದ ಹಳೆಯ ಗೆಳೆಯರಲ್ಲಿ ಒಬ್ಬನೂ ಆತನನ್ನು ಕಣ್ಣೆತ್ತಿ ನೋಡಲಿಲ್ಲ. ಈ ಎರಡು ದಿನಗಳ ನಡುವೆ ನಡೆದುದನ್ನು ಡರೆಲ್ಲನು 1957ರಲ್ಲಿ ಪ್ರಕಟವಾದ ತನ್ನ ‘ಬಿಟರ್ ಲೆಮನ್ಸ್’, ಎಂದರೆ ‘ಕಹಿ ನಿಂಬೆಗಳು’ ಎಂಬ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ.

ಇಂಗ್ಲಿಷಿನವನೆಂದು ಕರೆದರೂ ಇಂಗ್ಲೆಂಡು ಆತನಿಗೆ ಊರಾಗಿರಲಿಲ್ಲ. ಆತನು ಹುಟ್ಟಿದುದು 1912ರಲ್ಲಿ ಪಂಜಾಬಿನ ಜಲಂಧರದಲ್ಲಿ. ತಂದೆ ಇಂಜಿನಿಯರ್. ಬಾಲ್ಯದ ವಿದ್ಯಾಭ್ಯಾಸ ಡಾರ್ಜಿಲಿಂಗಿನಲ್ಲಿ. ಹನ್ನೊಂದನೆಯ ವಯಸ್ಸಿನಲ್ಲಿ ಓದಿಗೆಂದು ‘ಸ್ವದೇಶ’ಕ್ಕೆ ಕಳುಹಿಸಲ್ಪಟ್ಟ ಹುಡುಗನಿಗೆ ಆ ಸ್ವದೇಶದ ಮಂಜು, ಮಳೆ, ಜನರ ಬಿಗಿ ಮುಖ ಯಾವುದೂ ಒಗ್ಗಲಿಲ್ಲ. 1935ರಲ್ಲಿ ತಾಯಿ, ತಮ್ಮಂದಿರು, ತಂಗಿಯೊಡನೆ ಗ್ರೀಸ್ ದೇಶದ ಕಾರ್ಫು ದ್ವೀಪಕ್ಕೆ ಹೋದನು. ಆ ಸಂಸಾರದ ಕಿರಿಯ ಮಗನೇ, ಜಂಷೆಡ್‌ಪುರದಲ್ಲಿ ಹುಟ್ಟಿ ಮುಂದೆ ಪ್ರಾಣಿಶಾಸ್ತ್ರದ ಸೊಗಸಾದ ಕಥನಗಳನ್ನು ಬರೆದು ಹೆಸರಾದ ಜೆರಾಲ್ಡ್ ಡರೆಲ್. ಯುದ್ಧ ಬಂದಿತು, ಲಾರೆನ್ಸನು ಈಜಿಪ್ಟಿಗೆ ಓಡಿದನು. ಬಳಿಕ ರೋಡ್ಸ್, ಅರ್ಜೆಂಟೀನ, ಬೆಲ್‌ಗ್ರೇಡ್ ಎಂದು ಸರ್ಕಾರದ ಉದ್ಯೋಗ ಕರೆದೊಯ್ದಲ್ಲೆಲ್ಲ ಅಲೆದನು. ನಲವತ್ತು ದಾಟಿದ ಮೇಲೆ ಉದ್ಯೋಗವನ್ನು ತೊರೆದು, ಅಗ್ಗವಾಗಿ ಬದುಕಬಹುದಾದ, ಗ್ರೀಕ್ ಮಾತು ಕೇಳಿಸುವ ನೆಲವೊಂದರಲ್ಲಿ ಕುಳಿತು ಕಾದಂಬರಿ ಬರೆಯಬೇಕೆಂಬ ಬಯಕೆಯಿಂದ ಸೈಪ್ರಸ್ಸಿಗೆ ಬಂದನು. ಪತ್ನಿ ಮನೋರೋಗದಿಂದ ಆಸ್ಪತ್ರೆ ಸೇರಿದ್ದಳು. ಜೊತೆಯಲ್ಲಿದ್ದವಳು ಎರಡು ವರ್ಷದ ಮಗಳು.

ಮನೆಯ ಕ್ರಯದ ಪ್ರಸಂಗವು ಆ ಗ್ರಂಥದ ಅತ್ಯಂತ ವಿನೋದಮಯ ಭಾಗ. ಸೈಪ್ರಸ್ಸಿನ ಹಳ್ಳಿಗಳಲ್ಲಿ ಆಸ್ತಿಯ ಹಕ್ಕು ನಮ್ಮ ಅವಿಭಕ್ತ ಕುಟುಂಬದ ಪಾಲುಪಟ್ಟಿಯನ್ನೂ ನಾಚಿಸುವಂಥದು. ನೆಲ ಒಬ್ಬನದಾದರೆ ಅದರಲ್ಲಿನ ಮರ ಇನ್ನೊಬ್ಬನದು; ಅದಕ್ಕೆ ಹರಿಯುವ ನೀರು ಮೂರನೆಯವನದು. ಮನೆಯೊಂದಕ್ಕೆ ಮಗ, ಮಗಳು, ಸೋದರಳಿಯ ಎಲ್ಲರೂ ಭಾಗಸ್ಥರು. ಈ ಗೋಜಲನ್ನು ಬಿಡಿಸಿದವನು ಕಿರೇನಿಯಾದ ತುರ್ಕಿ ದಲ್ಲಾಳಿ ಸಬ್ರಿ. ಆತನು ಆತುರವೆಂಬುದನ್ನು ಅರಿಯದವನು. ಮನೆಯೊಡತಿ ಚಮ್ಮಾರನೊಬ್ಬನ ಹೆಂಡತಿ. ಮನೆಯ ಬೀಗದ ಕೈ ಪಿಸ್ತೂಲಿನಷ್ಟು ದೊಡ್ಡದು. ಆಕೆ ಅದನ್ನು ಮೇಜಿನ ಮೇಲೆ ಕುಕ್ಕುವುದು, ಸಬ್ರಿ ಮನೆಯನ್ನು ಹಳಿಯುವುದು, ಆಕೆ ಕೂಗುವುದು, ಬೀದಿಯ ಜನರೆಲ್ಲ ನೆರೆದು ತಲೆಗೊಂದು ಮಾತು ಆಡುವುದು, ಇಷ್ಟಾದ ಮೇಲೆ ನೋಟಿನ ಕಂತೆ ಮೇಜಿನ ಮೇಲೆ ಬಿದ್ದಿತು. 300 ಪೌಂಡಿಗೆ ಮನೆ ಡರೆಲ್ಲನದಾಯಿತು. ಗ್ರೀಕರ ಮನೆಯನ್ನು ಇಂಗ್ಲಿಷಿನವನಿಗೆ ತುರ್ಕಿಯವನು ಕೊಡಿಸಿದನೆಂಬುದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕೆಲವೇ ವರ್ಷಗಳಲ್ಲಿ ಅಂಥ ವ್ಯಾಪಾರವು ಆ ದ್ವೀಪದಲ್ಲಿ ಊಹಿಸಲೂ ಆಗದ ಸಂಗತಿಯಾಯಿತು.

ಊರು ಆತನನ್ನು ಒಪ್ಪಿಕೊಂಡ ಬಗೆಯೂ ಸ್ವಾರಸ್ಯವಾಗಿದೆ. ಮೊದಲ ದಿನಗಳಲ್ಲಿ ಒಂದು ಸಂಜೆ ಫ್ರಾಂಗೋಸ್ ಎಂಬ ಗಟ್ಟಿ ಕಂಠದ ರೈತನು ಕುಡಿದ ಅಮಲಿನಲ್ಲಿ ಇಂಗ್ಲಿಷರನ್ನು ಬಯ್ಯುತ್ತ ಕಾಲು ಕೆದರಿ ನಿಂತನು. ಡರೆಲ್ಲನು ಸಿಟ್ಟಾಗಲಿಲ್ಲ. ತನ್ನ ತಮ್ಮನು ಥರ್ಮೊಪಿಲೆಯಲ್ಲಿ ಗ್ರೀಕರ ಹೆಗಲಿಗೆ ಹೆಗಲು ಕೊಟ್ಟು ಹೋರಾಡಿ ಮಡಿದನೆಂದು ಮೆಲ್ಲಗೆ ಹೇಳಿದನು. ಅಂಗಡಿಯಲ್ಲಿ ಮೌನ ಕವಿಯಿತು. ಕೂಡಲೇ ಮದ್ಯದ ಬಟ್ಟಲು ಬಂದಿತು. ಮಾತು ಶುದ್ಧ ಸುಳ್ಳು. ಆ ತಮ್ಮನು ಆಗ ಆಫ್ರಿಕದಲ್ಲೆಲ್ಲೋ ಮೃಗಾಲಯಗಳಿಗಾಗಿ ಪ್ರಾಣಿಗಳನ್ನು ಹಿಡಿಯುತ್ತಿದ್ದನು. ಆದರೂ ಅತಿಥಿಯ ಸುಳ್ಳಿನಲ್ಲಿ ಗೌರವವಿದ್ದಿತು, ಊರು ಗೌರವವನ್ನು ಗುರುತಿಸಿತು.

ಹಣ ಕರಗುತ್ತ ಬಂದುದರಿಂದ ಡರೆಲ್ಲನು ರಾಜಧಾನಿ ನಿಕೋಸಿಯಾದ ಪಾನ್‌ಸಿಪ್ರಿಯನ್ ಜಿಮ್ನಾಸಿಯಂನಲ್ಲಿ ಇಂಗ್ಲಿಷ್ ಉಪಾಧ್ಯಾಯನಾದನು. ಜಿಮ್ನಾಸಿಯಂ ಎಂದರೆ ಇಲ್ಲಿ ಗರಡಿಯ ಮನೆಯಲ್ಲ, ಗ್ರೀಕರ ಪ್ರೌಢಶಾಲೆ. ಬೆಳಗಿನ ಜಾವದಲ್ಲೆದ್ದು ‘ಜಸ್ಟೀನ್’ ಕಾದಂಬರಿಯ ಕೆಲವು ಪುಟಗಳನ್ನು ಬರೆದು, ಬೆಟ್ಟದ ಕಣಿವೆಯನ್ನು ದಾಟಿ ಕಾರಿನಲ್ಲಿ ಪಟ್ಟಣಕ್ಕೆ ಹೋಗುವುದು ದಿನಚರಿಯಾಯಿತು. ಶಾಲೆಯೆದುರಿಗೇ ಆರ್ಚ್‌ಬಿಷಪ್ಪರ ಅರಮನೆ. ಹುಡುಗರ ಬಾಯಲ್ಲಿದ್ದುದು ಒಂದೇ ಮಾತು: ‘ಏನೋಸಿಸ್’, ಗ್ರೀಸಿನೊಡನೆ ಐಕ್ಯ. ಗ್ರೀಸಿನ ಸ್ವಾತಂತ್ರ್ಯಕ್ಕಾಗಿ 1824ರಲ್ಲಿ ಅಲ್ಲಿಯೇ ಪ್ರಾಣ ಬಿಟ್ಟ ಕವಿ ಬೈರನ್ನನನ್ನು ಪೂಜಿಸುವ ಈ ಹುಡುಗರು, ಬೈರನ್ನನ ದೇಶದವರೇ ತಮಗೆ ಸ್ವಾತಂತ್ರ್ಯವನ್ನು ಏಕೆ ನಿರಾಕರಿಸುತ್ತಾರೆಂದು ಕೇಳಿದರೆ ಇಂಗ್ಲಿಷ್ ಉಪಾಧ್ಯಾಯನು ಏನು ತಾನೆ ಹೇಳಬಲ್ಲನು?

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬಹುದು. ಬ್ರಿಟಿಷರು 1878ರಲ್ಲಿ ತುರ್ಕಿ ಸುಲ್ತಾನನಿಂದ ಈ ದ್ವೀಪದ ಆಡಳಿತವನ್ನು ಪಡೆದು, 1914ರಲ್ಲಿ ತಮ್ಮ ರಾಜ್ಯಕ್ಕೆ ಸೇರಿಸಿಕೊಂಡು, 1925ರಲ್ಲಿ ವಸಾಹತೆಂದು ಘೋಷಿಸಿದರು. ಜನರಲ್ಲಿ ಐದರಲ್ಲಿ ನಾಲ್ಕು ಪಾಲು ಗ್ರೀಕರು, ಉಳಿದವರಲ್ಲಿ ಬಹುಭಾಗ ತುರ್ಕಿಯರು. 1950ರ ಜನವರಿಯಲ್ಲಿ ಗ್ರೀಕ್ ಚರ್ಚು ನಡೆಸಿದ ಜನಾಭಿಪ್ರಾಯದಲ್ಲಿ ಗ್ರೀಕರಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಮಂದಿ ಐಕ್ಯವನ್ನು ಬೇಡಿದರು. ಲಂಡನ್ನಿನ ಉತ್ತರ ಬಂದುದು 1954ರ ಜುಲೈ 28ರಂದು. ಕೆಲವು ಪ್ರದೇಶಗಳು ಪೂರ್ಣ ಸ್ವಾತಂತ್ರ್ಯವನ್ನು ಎಂದಿಗೂ ನಿರೀಕ್ಷಿಸುವಂತಿಲ್ಲ ಎಂಬರ್ಥದ ಮಾತನ್ನು ವಸಾಹತು ಖಾತೆಯ ಉಪಮಂತ್ರಿ ಹಾಪ್‌ಕಿನ್‌ಸನ್ನರು ಪಾರ್ಲಿಮೆಂಟಿನಲ್ಲಿ ಆಡಿದರು. ‘ಎಂದಿಗೂ’ ಎಂಬ ಶಬ್ದವು ರಾಜಕಾರಣಿಗಳು ನಾಲಗೆಯ ಮೇಲೆ ತರಬಾರದ ಶಬ್ದ. ಆ ವರ್ಷದ ನವೆಂಬರಿನಲ್ಲಿ ಗ್ರೀವಾಸ್ ಎಂಬ ನಿವೃತ್ತ ಗ್ರೀಕ್ ಸೇನಾಧಿಕಾರಿಯು ದೋಣಿಯೊಂದರಲ್ಲಿ ಗುಟ್ಟಾಗಿ ದ್ವೀಪಕ್ಕೆ ಬಂದಿಳಿದನು.

ಅದೇ 1954ರಲ್ಲಿ ಡರೆಲ್ಲನು ಶಾಲೆಯನ್ನು ಬಿಟ್ಟು ವಸಾಹತು ಸರ್ಕಾರದ ವಾರ್ತಾ ಇಲಾಖೆಯ ಮುಖ್ಯಸ್ಥನಾದನು. ಜೀವನದಲ್ಲಿ ಆತನಿಗೆ ಅತಿ ಹೆಚ್ಚು ಕಹಿಯನ್ನು ಉಣಿಸಿದ ನಿರ್ಧಾರ ಇದೇ. ಗ್ರೀಕರನ್ನು ಪ್ರೀತಿಸುವವನು ಮಧ್ಯೆ ನಿಂತರೆ ಎರಡು ಕಡೆಯವರೂ ಪರಸ್ಪರ ಅರ್ಥ ಮಾಡಿಕೊಂಡಾರೆಂದು ಆತನು ನಂಬಿದನು. ಸಂಬಳದ ಅಗತ್ಯವೂ ಇದ್ದಿತೆಂಬುದನ್ನು ಮರೆಯಬಾರದು.

1955ರ ಏಪ್ರಿಲ್ 1. ನಡುರಾತ್ರಿ ಕಳೆದ ಮೇಲೆ ನಿಕೋಸಿಯಾ ನಗರವು ಬಾಂಬುಗಳ ಸದ್ದಿಗೆ ಎಚ್ಚರಗೊಂಡಿತು. ಆಕಾಶವಾಣಿ ಕೇಂದ್ರವು ಸಿಡಿಯಿತು. ಸರ್ಕಾರಿ ಕಟ್ಟಡಗಳ ಗಾಜು ಪುಡಿಯಾಯಿತು. ಬೆಳಗಾದಾಗ ಬೀದಿಗಳಲ್ಲಿ ‘ಇಯೋಕಾ’ ಸಂಘಟನೆಯ ಕರಪತ್ರಗಳು ಬಿದ್ದಿದ್ದವು. ‘ದಿಗೇನಿಸ್’ ಎಂಬ ಪುರಾಣವೀರನ ಹೆಸರಿನಲ್ಲಿ ಅದಕ್ಕೆ ಸಹಿ ಹಾಕಿದವನೇ ಗ್ರೀವಾಸ್. ಸರ್ಕಾರವು ಇದನ್ನು ಭಯೋತ್ಪಾದನೆಯೆಂದಿತು. ಗ್ರೀಕರು ವಿಮೋಚನೆಯ ಹೋರಾಟವೆಂದರು. ಸೈಪ್ರಸ್ ಗಣರಾಜ್ಯದಲ್ಲಿ ಏಪ್ರಿಲ್ 1 ಇಂದು ರಾಷ್ಟ್ರೀಯ ಹಬ್ಬದ ದಿನ.

ಇಲ್ಲಿಂದ ಮುಂದೆ ‘ಕಹಿ ನಿಂಬೆಗಳು’ ಗ್ರಂಥದ ಬಣ್ಣವೇ ಬದಲಾಗುತ್ತದೆ. ಭಯದ ಕಾಲದಲ್ಲಿ ಪರದೇಶದವನ ಬದುಕು ಒಮ್ಮೆಗೇ ಮುರಿದು ಬೀಳುವುದಿಲ್ಲ. ಅದು ಗೆದ್ದಲು ತಿಂದ ತೊಲೆಯಂತೆ ಒಳಗೇ ಟೊಳ್ಳಾಗುತ್ತದೆ. ಡರೆಲ್ಲನು ಸಾಯಂಕಾಲ ಊರಿಗೆ ಬಂದರೆ ಕಾಫಿ ಅಂಗಡಿಯವನು ಮೊದಲಿನಂತೆಯೇ ಕಾಫಿ ಕೊಡುವನು. ಆದರೆ ಪಕ್ಕದ ಕುರ್ಚಿ ಖಾಲಿಯಾಗಿಯೇ ಉಳಿಯುವುದು. ಗೆಳೆಯನು ನಗುವನು, ನಕ್ಕವನು ಹಿಂತಿರುಗಿ ನೋಡುವನು, ತಾನು ನಕ್ಕುದನ್ನು ಯಾರು ಕಂಡರೋ ಎಂದು. ಅವರಿಗೆ ಆತನ ಮೇಲೆ ದ್ವೇಷವಿರಲಿಲ್ಲ. ಇಂಗ್ಲಿಷಿನವನೊಡನೆ ಕುಳಿತು ಹರಟುವವನು ದ್ರೋಹಿಯೆನಿಸಿಕೊಳ್ಳಬಹುದಾಗಿದ್ದಿತು, ದ್ರೋಹಿಗೆ ಗುಂಡು ಕಾದಿತ್ತು. ಇಯೋಕಾದ ಗುಂಡಿಗೆ ಬಲಿಯಾದವರಲ್ಲಿ ಗ್ರೀಕರೂ ಬಹುಮಂದಿ.

ಭಯೋತ್ಪಾದಕನಿಗೆ ಯುದ್ಧವನ್ನು ಗೆಲ್ಲಬೇಕಾಗಿಲ್ಲ ಎಂಬುದು ಡರೆಲ್ಲನ ವಿಚಾರ. ಆತನ ಗುರಿ ಸಂಶಯವನ್ನು ಬಿತ್ತುವುದು. ಯಾರು ಬಾಂಬು ಎಸೆದರೆಂದು ತಿಳಿಯದ ಸರ್ಕಾರವು ಎಲ್ಲರನ್ನೂ ತಡೆದು ಶೋಧಿಸುತ್ತದೆ. ಮುದುಕಿಯ ಬುಟ್ಟಿಯನ್ನೂ ಹುಡುಗನ ಪಾಟಿಚೀಲವನ್ನೂ ಬುಡಮೇಲು ಮಾಡುತ್ತದೆ. ಊರಿಗೆ ಕರ್ಫ್ಯೂ ಹಾಕುತ್ತದೆ, ಊರಿಗೆಲ್ಲ ದಂಡ ವಿಧಿಸುತ್ತದೆ. ಲೆಫ್ಕೊನಿಕೊ ಎಂಬ ಗ್ರಾಮದಲ್ಲಿ ಹುಡುಗರು ಅಂಚೆಮನೆಗೆ ಬೆಂಕಿ ಹಚ್ಚಿದುದಕ್ಕೆ ಊರಿನ ಗ್ರೀಕರೆಲ್ಲ ದಂಡ ತೆರಬೇಕಾಯಿತು. ಆ ದಂಡದ ರಸೀತಿಯನ್ನು ಹಿಡಿದು ಮನೆಗೆ ಬರುವ ಸಾಧು ರೈತನು ಬೆಳಗಾಗುವುದರೊಳಗೆ ಬಾಂಬಿನವನ ಕಡೆಯವನಾಗಿರುತ್ತಾನೆ. ವಾರ್ತಾ ಇಲಾಖೆಯ ಮೇಜಿನ ಹಿಂದೆ ಕುಳಿತು ಇದನ್ನು ಕಂಡುಕೊಂಡವನೇ ಸರ್ಕಾರದ ಪ್ರಕಟಣೆಗಳಿಗೆ ಹೊಣೆಗಾರನೂ ಆಗಿದ್ದುದು ಆತನ ಸಂಕಟ. ಸಕಾಲದಲ್ಲಿ ಭವಿಷ್ಯದ ಭರವಸೆಯೊಂದನ್ನು ಕೊಟ್ಟಿದ್ದರೆ ಮಿತವಾದಿಗಳು ಉಳಿಯುತ್ತಿದ್ದರೆಂದು ಆತನು ಮೇಲಿನವರಿಗೆ ಹೇಳಿದನು, ಕೇಳುವ ಕಿವಿಗಳಿರಲಿಲ್ಲ.

1955ರ ಅಕ್ಟೋಬರಿನಲ್ಲಿ ಫೀಲ್ಡ್ ಮಾರ್ಷಲ್ ಜಾನ್ ಹಾರ್ಡಿಂಗ್ ಗವರ್ನರಾಗಿ ಬಂದರು. ನವೆಂಬರ್ 26ರಂದು ತುರ್ತು ಪರಿಸ್ಥಿತಿ ಸಾರಲಾಯಿತು. 1956ರ ಮಾರ್ಚ್ 9ರಂದು ಆರ್ಚ್‌ಬಿಷಪ್ ಮಕಾರಿಯೋಸರನ್ನು ಸೇಷೆಲ್ ದ್ವೀಪಗಳಿಗೆ ಗಡೀಪಾರು ಮಾಡಲಾಯಿತು. ಅದೇ ತಿಂಗಳಲ್ಲಿ ನಡೆದ ಒಂದು ಘಟನೆ ಪರದೇಶಗಳಲ್ಲಿ ಸಂಸಾರ ಹೂಡಿದವರ ಎದೆ ನಡುಗಿಸುವಂಥದು. ಗವರ್ನರರ ಭವನದ ಸೇವಕನೊಬ್ಬನು ಅವರ ಹಾಸಿಗೆಯ ಅಡಿಯಲ್ಲಿಯೇ ಬಾಂಬನ್ನು ಇಟ್ಟು ಹೊರಟುಹೋದನು. ಹಾರ್ಡಿಂಗರು ರಾತ್ರಿಯಿಡೀ ಅದರ ಮೇಲೆಯೇ ಮಲಗಿದರು. ಕಿಟಕಿ ತೆರೆದಿಟ್ಟು ಮಲಗುವುದು ಅವರ ಅಭ್ಯಾಸ. ಕೋಣೆ ತಣ್ಣಗಾದುದರಿಂದ ಬಾಂಬು ಸಿಡಿಯಲಿಲ್ಲವೆನ್ನುತ್ತಾರೆ. ಅಂದಿನಿಂದ ಕಾಫಿ ತರುವ ಕೈ, ಮಗುವನ್ನು ಎತ್ತಿಕೊಳ್ಳುವ ಕೈ, ತೋಟಕ್ಕೆ ನೀರು ಹಾಕುವ ಕೈ ಎಲ್ಲವೂ ಇಂಗ್ಲಿಷರಿಗೆ ಸಂಶಯದ ಕೈಗಳಾದವು. ನಿಕೋಸಿಯಾದ ಲೆದ್ರಾ ಬೀದಿ, ಹೆಂಗಸರು ಬಟ್ಟೆ ಕೊಳ್ಳಲು ಹೋಗುತ್ತಿದ್ದ ಇಕ್ಕಟ್ಟಾದ ಅಂಗಡಿಬೀದಿ, ಬ್ರಿಟಿಷ್ ಪತ್ರಿಕೆಗಳಲ್ಲಿ ‘ಕೊಲೆಯ ಮೈಲಿ’ ಎಂದು ಹೆಸರು ಪಡೆಯಿತು. ಡರೆಲ್ಲನ ಪತ್ನಿ ಗುಣಹೊಂದಿ ಬಂದಿದ್ದವಳು 1955ರಲ್ಲಿಯೇ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೊರಟುಹೋಗಿದ್ದಳು. ದಾಂಪತ್ಯ ಮುರಿಯಲು ಬೇರೆ ಕಾರಣಗಳಿದ್ದವು. ಆದರೆ ಬಾಂಬುಗಳ ನಡುವೆ ಅದು ಕೂಡಿಕೊಳ್ಳುವ ಸಂಭವವೂ ಇರಲಿಲ್ಲ. ಆತನು ಬೆಲ್ಲಪಾಯಿಸಿನ ಮನೆಯನ್ನು ಮುಚ್ಚಿ ನಿಕೋಸಿಯಾದಲ್ಲಿಯೇ ಇರತೊಡಗಿದನು.

ಮಿಖಾಲಿಸ್ ಕರಾವೋಲಿಸ್ ಎಂಬ ಯುವಕನ ಹೆಸರು ಆಗ ಎಲ್ಲರ ಬಾಯಲ್ಲಿದ್ದಿತು. ವರಮಾನ ತೆರಿಗೆಯ ಕಚೇರಿಯಲ್ಲಿ ಗುಮಾಸ್ತ, ಇಂಗ್ಲಿಷ್ ಶಾಲೆಯಲ್ಲಿ ಓದಿದವನು, ಒಳ್ಳೆಯ ನಡತೆಯವನು. 1955ರ ಆಗಸ್ಟಿನಲ್ಲಿ ಹಾಡಹಗಲು ಲೆದ್ರಾ ಬೀದಿಯಲ್ಲಿ ಗ್ರೀಕ್ ಪೊಲೀಸಿನವನೊಬ್ಬನನ್ನು ಗುಂಡಿಕ್ಕಿ ಕೊಂದನೆಂಬ ಆರೋಪದ ಮೇಲೆ ಆತನಿಗೆ ಮರಣದಂಡನೆಯಾಯಿತು. ಫ್ರಾನ್ಸಿನಲ್ಲಿ ಆಲ್ಬೇರ್ ಕಾಮೂ ಆತನ ಪ್ರಾಣಕ್ಕಾಗಿ ಪತ್ರಿಕೆಯಲ್ಲಿ ಬರೆದನು. ಫಲವಾಗಲಿಲ್ಲ. 1956ರ ಮೇ 10ರಂದು ಕರಾವೋಲಿಸನನ್ನೂ ದಿಮಿತ್ರಿಯೂ ಎಂಬ ಮತ್ತೊಬ್ಬ ಯುವಕನನ್ನೂ ನಿಕೋಸಿಯಾದ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಶವಗಳನ್ನು ತಾಯಂದಿರಿಗೆ ಕೊಡಲಿಲ್ಲ. ಸೆರೆಮನೆಯ ಆವರಣದಲ್ಲಿಯೇ ಹೂಳಿದರು. ಸತ್ತ ಪೊಲೀಸಿನವನಿಗೂ ಮನೆಮಂದಿ ಇದ್ದರೆಂಬುದನ್ನು ಆ ದಿನಗಳಲ್ಲಿ ನೆನೆದವರು ಕಡಮೆ.

ಡರೆಲ್ಲನು ಅಂಥವರಲ್ಲಿ ಒಬ್ಬನು. ಹುಡುಗನ ಮುಖದಲ್ಲಿ ಆತನು ತನ್ನ ತರಗತಿಯ ಮುಖಗಳನ್ನೇ ಕಂಡನು. ಆದರೂ ಕೊಲೆಯನ್ನು ಕೊಲೆಯೆಂದೇ ಕರೆದನು. ಕಿರೇನಿಯಾದಲ್ಲಿ ಮೊದಲು ಆತನಿಗೆ ಇರಲು ಮನೆಯಲ್ಲಿ ಜಾಗ ಕೊಟ್ಟ, ದ್ವೀಪದ ಹೂವುಗಳ ಹೆಸರನ್ನೆಲ್ಲ ಕಲಿಸಿಕೊಟ್ಟ ಉಪಾಧ್ಯಾಯನನ್ನು ಗ್ರಂಥದಲ್ಲಿ ಪಾನೋಸ್ ಎಂದು ಕರೆದಿದ್ದಾನೆ. ಹೊರಡುವ ದಿನಗಳು ಸಮೀಪಿಸಿದಾಗ ಇಬ್ಬರೂ ಒಮ್ಮೆ ಸಮುದ್ರತೀರಕ್ಕೆ ಹೋಗಿ, ಬುತ್ತಿ ಬಿಚ್ಚಿ ಉಂಡು, ಹೂ ಕಿತ್ತು ತಂದರು. ಅನಂತರ ಪಾನೋಸನ ಕೊಲೆಯ ವಾರ್ತೆ ಬಂದಿತು. ಇಂಗ್ಲಿಷಿನವನೊಡನೆ ಹೂ ಕೀಳಲು ಹೋದುದೇ ಆತನ ಅಪರಾಧವಾಯಿತೋ ಏನೋ, ಯಾರಿಗೂ ಗೊತ್ತಾಗಲಿಲ್ಲ. ಗ್ರಂಥವನ್ನು ಓದುವವರು ಇಲ್ಲಿ ಪುಸ್ತಕವನ್ನು ಸ್ವಲ್ಪ ಹೊತ್ತು ಕೆಳಗಿಡದೆ ಇರಲಾರರು.

ಬೆಲ್ಲಪಾಯಿಸಿನ ಮನೆಯಿಂದ ತನ್ನ ಕಾಗದಪತ್ರಗಳನ್ನು ತರಲೆಂದು ಡರೆಲ್ಲನು ಕೊನೆಯ ಸಲ ಊರಿಗೆ ಹೋದನು. ಆಲಸ್ಯದ ಮರದ ಕೆಳಗೆ ಎಲ್ಲರೂ ಇದ್ದರು. ಕಾರು ನಿಂತೊಡನೆ ಮಾತು ನಿಂತಿತು. ನಮಸ್ಕಾರವಿಲ್ಲ, ಬಯ್ಗುಳವೂ ಇಲ್ಲ. ಬಯ್ದಿದ್ದರೆ ಉತ್ತರವಾಗಿ ಇನ್ನೊಂದು ಥರ್ಮೊಪಿಲೆಯ ಕಥೆ ಹೇಳಬಹುದಾಗಿದ್ದಿತು. 1956ರ ಆಗಸ್ಟಿನಲ್ಲಿ ಆತನು ದ್ವೀಪವನ್ನು ಬಿಟ್ಟನು. ನಿಲ್ದಾಣಕ್ಕೆ ಕರೆದೊಯ್ದ ಟ್ಯಾಕ್ಸಿಯ ಗ್ರೀಕ್ ಚಾಲಕನು ದಾರಿಯಲ್ಲಿ, ದಿಗೇನಿಸನಿಗೂ ಇಂಗ್ಲಿಷರ ಮೇಲೆ ವಿಶ್ವಾಸವಿದೆಯೆಂದು ನಿಷ್ಕಪಟವಾಗಿ ನುಡಿದನಂತೆ. ಕೊಲ್ಲುವುದು ಮಾತ್ರ ನಿಲ್ಲದೆಂದೂ ಸೇರಿಸಿದನು.

ಗ್ರಂಥಕ್ಕೆ ಇಂಗ್ಲೆಂಡಿನಲ್ಲಿ ಡಫ್ ಕೂಪರ್ ಪಾರಿತೋಷಕ ದೊರೆಯಿತು. ಅದೇ 1957ರಲ್ಲಿ ‘ಜಸ್ಟೀನ್’ ಹೊರಬಂದು ಡರೆಲ್ಲನು ಜಗತ್ಪ್ರಸಿದ್ಧನಾದನು. ಸೈಪ್ರಸ್ಸಿನ ಗ್ರೀಕರಿಗೆ ಮಾತ್ರ ‘ಕಹಿ ನಿಂಬೆಗಳು’ ರುಚಿಸಲಿಲ್ಲ. ಅದರಲ್ಲಿ ತಾವು ಮದ್ಯ ಕುಡಿದು ಹರಟುವ ಮುಗ್ಧ ಹಳ್ಳಿಗರಾಗಿ ಮಾತ್ರ ಕಾಣುತ್ತೇವೆ, ತಮ್ಮ ಆತ್ಮಗೌರವ ಕಾಣುವುದಿಲ್ಲ ಎಂಬುದು ಅವರ ಆಕ್ಷೇಪ. ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಸಂಬಳ ಕೊಡುವವರ ಕಿಟಕಿಯಿಂದ ನೋಡಿದವನಿಗೆ ಬೀದಿಯ ಒಂದು ಮಗ್ಗುಲು ಮರೆಯಾಗಿಯೇ ಇರುತ್ತದೆ. ಗ್ರೀಕ್ ಲೇಖಕ ರೋದಿಸ್ ರೂಫೋಸ್ 1960ರಲ್ಲಿಯೂ, ಸೈಪ್ರಸ್ಸಿನ ಕವಿ ಕೋಸ್ತಾಸ್ ಮೋಂತಿಸ್ 1964ರಲ್ಲಿಯೂ ಇದಕ್ಕೆ ಪ್ರತ್ಯುತ್ತರವಾಗಿ ಕಥನಗಳನ್ನು ಬರೆದರು. ಮೋಂತಿಸನ ಪುಸ್ತಕದ ಹೆಸರು ‘ಮುಚ್ಚಿದ ಬಾಗಿಲುಗಳು’. ಮುಂದೆ 1963ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಕವಿ ಸೆಫೆರಿಸ್ ಡರೆಲ್ಲನ ಹಳೆಯ ಮಿತ್ರ. ವಾರ್ತಾ ಇಲಾಖೆಯ ಉದ್ಯೋಗ ಆ ಮೈತ್ರಿಗೂ ನೆರಳು ಹಾಕಿತು.

ಐಕ್ಯಕ್ಕಾಗಿ ನಡೆದ ಹೋರಾಟದಿಂದ ಐಕ್ಯ ದೊರೆಯಲಿಲ್ಲ. 1960ರ ಆಗಸ್ಟ್ 16ರಂದು ಸೈಪ್ರಸ್ ಸ್ವತಂತ್ರ ಗಣರಾಜ್ಯವಾಯಿತು. ಸೇಷೆಲ್ಲಿಗೆ ಹೋದ ಮಕಾರಿಯೋಸರೇ ಮೊದಲ ಅಧ್ಯಕ್ಷರು. 1963ರ ಡಿಸೆಂಬರಿನಲ್ಲಿ ಗ್ರೀಕರೂ ತುರ್ಕಿಯರೂ ಒಬ್ಬರನ್ನೊಬ್ಬರು ಕೊಲ್ಲತೊಡಗಿದರು. 1964ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ಬಂದಿತು. ಕನ್ನಡಿಗರು ಈ ಕಥೆಯಲ್ಲಿ ಕಾಣಿಸಿಕೊಳ್ಳುವುದು ಇಲ್ಲಿ. ಆ ವರ್ಷದ ಜುಲೈಯಿಂದ ಆ ಪಡೆಯ ದಂಡನಾಯಕರಾದವರು ಮಡಿಕೇರಿಯಲ್ಲಿ ಹುಟ್ಟಿದ, ಭಾರತದ ಭೂಸೇನೆಯ ನಿವೃತ್ತ ಮುಖ್ಯಸ್ಥ ಜನರಲ್ ಕೆ. ಎಸ್. ತಿಮ್ಮಯ್ಯನವರು. ಕೊರಿಯಾದ ಯುದ್ಧಕೈದಿಗಳ ಜಟಿಲ ಸಮಸ್ಯೆಯನ್ನು ನಿಭಾಯಿಸಿದ ಅನುಭವ ಅವರಿಗಿದ್ದಿತು. ಎರಡು ಜನಾಂಗಗಳ ನಡುವಣ ಮರಳುಚೀಲದ ಗೋಡೆಗಳ ಮಧ್ಯೆ ಒಂದೂವರೆ ವರ್ಷ ಓಡಾಡಿದ ಅವರು 1965ರ ಡಿಸೆಂಬರ್ 18ರಂದು ಅಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದರು. ಸೈಪ್ರಸ್ ಸರ್ಕಾರ 1966ರಲ್ಲಿ ಅವರ ಸ್ಮರಣೆಗಾಗಿ ಅಂಚೆಚೀಟಿ ಹೊರಡಿಸಿತು. ಲಾರ್ನಕಾ ಪಟ್ಟಣದ ಬೀದಿಯೊಂದಕ್ಕೆ ಅವರ ಹೆಸರಿದೆ. ಗ್ರೀಕರೂ ತುರ್ಕಿಯರೂ ಬ್ರಿಟಿಷರೂ ಪಕ್ಷ ಹಿಡಿದು ನಿಂತ ನೆಲದಲ್ಲಿ ಕೊಡಗಿನ ಯೋಧರೊಬ್ಬರು ಪಕ್ಷವಿಲ್ಲದೆ ನಿಂತರೆಂಬುದಕ್ಕೆ ಆ ಬೀದಿಯ ಫಲಕ ಸಾಕ್ಷಿ.

ಡರೆಲ್ಲನು ದಕ್ಷಿಣ ಫ್ರಾನ್ಸಿನ ಸೊಮಿಯೇರ್ ಎಂಬ ಊರಿನಲ್ಲಿ ನೆಲೆಸಿ 1990ರ ನವೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡನು. 1960ರ ದಶಕದಲ್ಲಿ ಬ್ರಿಟಿಷ್ ಸರ್ಕಾರವು ವಲಸೆಯ ಕಾನೂನನ್ನು ಬಿಗಿ ಮಾಡಿದಾಗ, ಜಲಂಧರದಲ್ಲಿ ಹುಟ್ಟಿದ ಈ ಇಂಗ್ಲಿಷ್ ಲೇಖಕನಿಗೆ ಇಂಗ್ಲೆಂಡಿನಲ್ಲಿ ನೆಲೆಸುವ ಹಕ್ಕು ಇಲ್ಲವಾಯಿತು. ಯಾವ ಸರ್ಕಾರದ ಪರವಾಗಿ ಸೈಪ್ರಸ್ಸಿನಲ್ಲಿ ಗೆಳೆಯರನ್ನು ಕಳೆದುಕೊಂಡನೋ ಆ ಸರ್ಕಾರದ ನೆಲಕ್ಕೆ ಹೋಗಲು ಆತನು ಅನುಮತಿಪತ್ರ ಬೇಡಬೇಕಾಯಿತು.

1974ರ ಜುಲೈ 20ರಂದು ತುರ್ಕಿಯ ಸೈನ್ಯವು ಕಿರೇನಿಯಾದ ತೀರದಲ್ಲಿ ಇಳಿಯಿತು. ದ್ವೀಪ ಇಬ್ಭಾಗವಾಯಿತು; ಬೆಲ್ಲಪಾಯಿಸ್ ಉತ್ತರ ಭಾಗಕ್ಕೆ ಸೇರಿತು. ಅಲ್ಲಿನ ಗ್ರೀಕರು ಮನೆಗೆ ಬೀಗ ಹಾಕಿಕೊಂಡು ಬೀಗದ ಕೈಯೊಡನೆ ದಕ್ಷಿಣಕ್ಕೆ ಹೋದರು; ದಕ್ಷಿಣದಿಂದ ಹಾಗೆಯೇ ಹೊರಟ ತುರ್ಕಿಯರು ಆ ಮನೆಗಳಿಗೆ ಬಂದರು. 2003ರ ಏಪ್ರಿಲ್‌ನಲ್ಲಿ ಗಡಿಯ ದಾರಿಗಳು ತೆರೆದ ಮೇಲೆ ಇಬ್ಬರೂ ತಮ್ಮ ತಮ್ಮ ಹಳೆಯ ಬಾಗಿಲುಗಳನ್ನು ತಟ್ಟಿ, ಒಳಗೆ ಇರುವವರ ಕೈಯ ಕಾಫಿ ಕುಡಿದು ಬಂದರು. ಲೆದ್ರಾ ಬೀದಿಯ ನಡುವಣ ಅಡ್ಡಗಟ್ಟು 2008ರ ಏಪ್ರಿಲ್ 3ರಂದು ತೆರೆಯಿತು. ಶಾಂತಿಪಡೆ ಇನ್ನೂ ಅಲ್ಲಿಯೇ ಇದೆ.

ಡರೆಲ್ಲನ ಮನೆಯ ಗೋಡೆಯಲ್ಲಿ ಆತನ ಹೆಸರಿನ ಫಲಕವಿದೆ. ಪ್ರವಾಸಿಗರು ಏರು ಬೀದಿಯನ್ನು ಹತ್ತಿ ಬಂದು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಇಳಿದು ಬಂದು ಆಲಸ್ಯದ ಮರ ಯಾವುದೆಂದು ಕೇಳಿದರೆ ಮಠದ ಮುಂದಿನ ಅಂಗಡಿಯವನು ತನ್ನ ಅಂಗಳದ ಹಿಪ್ಪುನೇರಳೆ ಮರವನ್ನು ತೋರಿಸುತ್ತಾನೆ. ಪಕ್ಕದ ಅಂಗಡಿಯವನು, ಅದು ಸುಳ್ಳು, ನಿಜವಾದ ಮರ ತನ್ನದೆಂದು ಇನ್ನೊಂದನ್ನು ತೋರಿಸುತ್ತಾನೆ. ಎರಡರ ನೆರಳಿನಲ್ಲಿಯೂ ಕುರ್ಚಿಗಳಿವೆ.